ಹಂಚಿನ ಮೇಲೆ 1865 ಎಂದು ಬರೆದಿತ್ತು: ತೆಂಕಪೇಟೆಯ ಒಂದು ಅಂಗಡಿ ಕಟ್ಟಡದ ಪ್ರಕರಣ

ಉಡುಪಿಯ ತೆಂಕಪೇಟೆಯಲ್ಲಿ ನಮ್ಮ ಕುಟುಂಬದ ಒಂದು ಹಳೆಯ ಅಂಗಡಿ ಕಟ್ಟಡ ಉಂಟು. ರಥಬೀದಿಯಿಂದ ನಡೆದು ಹೋಗುವಷ್ಟೇ ದೂರ. ಎರಡು ಅಂತಸ್ತು, ಹಂಚಿನ ಮಾಡು (ಛಾವಣಿ), ಮುರಕಲ್ಲಿನ ಗೋಡೆ, ಎದುರಿಗೆ ಸಣ್ಣ ಜಗಲಿ. ದಾರಿಯಲ್ಲಿ ಹೋಗುವವರು ನಿಂತು ನೋಡುವಂಥದ್ದಲ್ಲ. ಇಂಥವು ಉಡುಪಿ, ಕಾರ್ಕಳ, ಮೂಲ್ಕಿ, ಮಂಗಳೂರಿನ ಬಂದರು, ಎಲ್ಲ ಕಡೆ ಸಾಲಾಗಿ ಇದ್ದವು. ಈಗ ಬೆರಳಲ್ಲಿ ಎಣಿಸಬಹುದು.

2021ರ ಮಳೆಗಾಲದಲ್ಲಿ ನಮ್ಮ ಕಟ್ಟಡದ ಹಿಂದಿನ ಗೋಡೆ ನೆಲದಿಂದ ಮೂರು ಅಡಿ ಎತ್ತರದವರೆಗೆ ಕಪ್ಪಾಯಿತು. ಮಹಡಿಯ ಮೇಲೆ ಒಂದು ಪಕ್ಕಾಸಿನ, ಅಂದರೆ ಹಂಚು ಹೊರುವ ಓರೆ ಮರದ, ತುದಿ ಮುಟ್ಟಿದರೆ ಪುಡಿಯಾಗಿ ಕೈಗೆ ಬಂತು. ನೋಡಲು ಬಂದ ಗುತ್ತಿಗೆದಾರರೊಬ್ಬರು ಹತ್ತು ನಿಮಿಷ ಸುತ್ತಿ, "ಇದರ ಆಯುಷ್ಯ ಮುಗಿದಿದೆ ಮಾರಾಯ್ರೆ, ತೆಗೆದುಬಿಡಿ" ಎಂದರು. ಮನೆಯವರೂ ಹೆಚ್ಚು ಕಡಿಮೆ ಒಪ್ಪಿದ್ದರು. ಹಿಂದಿನ ವರ್ಷ ಸೆಪ್ಟೆಂಬರ್ 20ರಂದು ಉಡುಪಿಗೆ ಬಂದ ನೆರೆಯನ್ನು ಎಲ್ಲರೂ ಕಣ್ಣಾರೆ ಕಂಡಿದ್ದೆವು, ಹಾಗಾಗಿ ನೀರು ಎಂದರೆ ಸಾಕು ಹೆದರಿಕೆ. ಕೆಡವುವ ಮೊದಲು ಒಮ್ಮೆ ಪೂರ್ತಿ ಅಳೆದು, ಬರೆದು, ಎಲ್ಲಿಂದ ನೀರು ಬರುತ್ತದೆ ಎಂದು ಖಚಿತ ಮಾಡಿಕೊಳ್ಳೋಣ ಎಂದು ನಾನು ಹಟ ಹಿಡಿದೆ. ಆ ಒಂದು ವರ್ಷದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಅಂಗಡಿ ಕಟ್ಟಡ ಇರುವ ಇನ್ನೊಂದು ಮನೆಯವರಿಗೆ ಇದು ಉಪಯೋಗಕ್ಕೆ ಬಂದೀತು. ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಟ್ಟಡದಲ್ಲಿ ಹಳೆಯದು ಯಾವುದೂ ಕೈಕೊಟ್ಟಿರಲಿಲ್ಲ. ಆಮೇಲೆ ನಾವು ಸೇರಿಸಿದ್ದು ಒಂದೊಂದಾಗಿ ಕೈಕೊಟ್ಟಿತ್ತು.

ಮೊದಲು ಕಟ್ಟಡ ಹೇಗಿದೆ ಎಂದು ಹೇಳಬೇಕು. ಎದುರಿನ ಅಗಲ 24 ಅಡಿ, ಮುಖ್ಯ ಭಾಗದ ಉದ್ದ 36 ಅಡಿ. ಮುಖ ಪೂರ್ವಕ್ಕೆ, ಬೀದಿ ಕಡೆಗೆ. ಬೀದಿಯಿಂದ ಎರಡು ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿ ದಾಟಿದರೆ ಅಂಗಡಿ ಕೋಣೆ, ಅದರ ಹಿಂದೆ ದಪ್ಪ ಗೋಡೆ, ಗೋಡೆಯ ಆಚೆ ದಾಸ್ತಾನು ಕೋಣೆ. ಅಜ್ಜ ಅಲ್ಲಿ ಅಕ್ಕಿ ಮುಡಿ, ಬೆಲ್ಲ, ತೆಂಗಿನಕಾಯಿ, ಒಣಮೆಣಸು ಇಡುತ್ತಿದ್ದರು. ಹಿಂದಿನ ಬಾಗಿಲು ತೆರೆದರೆ ಅಂಗಳ, ಬಾವಿ. ಅಂಗಡಿ ಕೋಣೆಯ ಮೂಲೆಯಿಂದ ಕಡಿದಾದ ಮರದ ಏಣಿ ಮಹಡಿಗೆ ಹೋಗುತ್ತದೆ. ಮೇಲೆ ಒಂದು ಉದ್ದದ ಕೋಣೆ, ಬೀದಿ ಕಡೆ ಮೂರು ಕಿಟಕಿ, ಪ್ರತಿ ಕಿಟಕಿಯ ಮೇಲೆ ಗಾಳಿಗೆ ಮರದ ಜಾಲರಿ. ಅಜ್ಜ ಲೆಕ್ಕ ಬರೆಯುತ್ತಿದ್ದದ್ದು ಅಲ್ಲೇ. ಕೃಷ್ಣ ಮಠದ ಪರ್ಯಾಯ ಉತ್ಸವದ ಹೊತ್ತಿಗೆ ದೂರದ ನೆಂಟರೆಲ್ಲ ಬಂದು ಮಲಗುತ್ತಿದ್ದದ್ದೂ ಅಲ್ಲೇ.

ಪೇಟೆಯ ಅಂಗಡಿಗಳು ಹೀಗೆ ಅಗಲ ಕಡಿಮೆ, ಉದ್ದ ಜಾಸ್ತಿ ಇರುವುದಕ್ಕೆ ಕಾರಣ ಸರಳ. ಬೀದಿಗೆ ಮುಖ ಮಾಡಿದ ಒಂದೊಂದು ಅಡಿಗೂ ಬೆಲೆ. ವ್ಯಾಪಾರ ಎದುರಲ್ಲಿ, ದಾಸ್ತಾನು ಹಿಂದೆ, ನೀರು ಇನ್ನೂ ಹಿಂದೆ. ಜಗಲಿಗೆ ಬೇರೆಯೇ ಕೆಲಸ ಇತ್ತು. ಗಿರಾಕಿ ಛತ್ರಿ ಮಡಚಿ ಅಲ್ಲಿ ಇಡಬೇಕು, ಕಾಲಿನ ಕೆಸರು ಅಲ್ಲೇ ಉಳಿಯಬೇಕು, ಓರೆ ಮಳೆ ಬಂದರೆ ಅಕ್ಕಿ ಮೂಟೆಯವರೆಗೆ ಬರಬಾರದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಅಂಗಡಿ ಮತ್ತು ಬೀದಿಯ ನಡುವೆ ಐದು ಅಡಿಯ ಜಗಲಿ ಇಲ್ಲದಿದ್ದರೆ ವ್ಯಾಪಾರವೇ ಇಲ್ಲ.

ಈಗ ವಯಸ್ಸಿನ ವಿಷಯ. ನಮ್ಮ ಮನೆಯಲ್ಲಿ ಎಲ್ಲರೂ ಈ ಕಟ್ಟಡ 1865ರದ್ದು ಎಂದು ಹೇಳುತ್ತಿದ್ದರು. ನಾನೂ ಶಾಲೆಯಲ್ಲಿ ಹೆಮ್ಮೆಯಿಂದ ಹಾಗೇ ಹೇಳಿದ್ದೇನೆ. ಆಧಾರ ಏನು ಎಂದರೆ, ಹಂಚು! ಹಂಚಿನ ಕೆಳಮೈಯಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಅಚ್ಚು, ಜೊತೆಗೆ 1865. ಸಣ್ಣವರಿದ್ದಾಗ ಮಹಡಿಯಲ್ಲಿ ಮಲಗಿ ಮೇಲೆ ನೋಡಿದರೆ ಅದೇ ಕಾಣುತ್ತಿತ್ತು.

ಆದರೆ 1865 ಎಂಬುದು ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಎಷ್ಟೋ ವರ್ಷ ತಯಾರಾದ ಹಂಚಿನ ಮೇಲೂ ಅದೇ ಇಸವಿ ಬೀಳುತ್ತಿತ್ತು. ಈಗಿನ ಅಂಗಡಿ ಬೋರ್ಡಿನಲ್ಲಿ 'ಸ್ಥಾಪನೆ ಇಂಥ ವರ್ಷ' ಎಂದು ಬರೆಯುವುದಿಲ್ಲವಾ, ಹಾಗೆಯೇ. ಇನ್ನೊಂದು ಹಂಚಿನ ಕಾರ್ಖಾನೆ ಆಲ್ಬುಕರ್ಕ್‌ನವರ ಹಂಚಿನಲ್ಲಿ 1868 ಕಾಣುವುದೂ ಇದೇ ಕಾರಣಕ್ಕೆ. ಕರಾವಳಿಯಲ್ಲಿ "ನಮ್ಮದು 1865ರ ಮನೆ" ಎನ್ನುವ ಎಷ್ಟೋ ಮನೆಗಳು ಅದಕ್ಕಿಂತ ಐವತ್ತು ಅರವತ್ತು ವರ್ಷ ಸಣ್ಣವು ಎಂದು ನನಗೆ ಈಗ ಅನಿಸುತ್ತದೆ. ವಯಸ್ಸು ಕಡಿಮೆಯಾಯಿತು ಎಂದು ಬೇಸರ ಬೇಡ. ಸರಿಯಾದ ವಯಸ್ಸು ತಿಳಿದರೆ ಕಟ್ಟಡದ ಕಥೆಯೂ ಸರಿಯಾಗುತ್ತದೆ.

ಹಾಗಾದರೆ ನಮ್ಮದು ಯಾವಾಗಿನದು? ಉತ್ತರ ಸಿಕ್ಕಿದ್ದು ಬಣ್ಣ ಕೆರೆಯುವಾಗ. ಅಂಗಡಿಯ ಎದುರು ಬಾಯಿ ಅಗಲ ಇರಬೇಕೆಂದು ಅಲ್ಲಿ ಗೋಡೆ ಇಲ್ಲ, ಮಹಡಿಯ ಭಾರ ಹೊರಲು ಒಂದು ಕಬ್ಬಿಣದ ತೊಲೆ ಹಾಕಿದ್ದಾರೆ. ಅದರ ಮೇಲೆ ನಾಲ್ಕೈದು ಪದರ ಆಯಿಲ್ ಪೇಂಟ್. ಆಚಾರಿಯೊಬ್ಬರು ಉಳಿಯಿಂದ ಮೆಲ್ಲ ಕೆರೆದಾಗ ಕೆಳಗೆ ಟಾಟಾ ಎಂಬ ಅಚ್ಚು ಕಂಡಿತು. ಜಮ್ಶೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ ಉಕ್ಕು ತಯಾರಾಗಲು ಶುರುವಾದದ್ದು 1912ರಲ್ಲಿ. ಅಂದರೆ ತೊಲೆ ಅದಕ್ಕಿಂತ ಈಚೆಗಿನದು. ತೊಲೆಯನ್ನು ಆಮೇಲೆ ತುರುಕಿಸಿರಬಹುದಲ್ಲ ಎಂದು ನನಗೂ ಅನುಮಾನ ಬಂತು. ಅದರ ಎರಡೂ ತುದಿ ಗೋಡೆಯಲ್ಲಿ ಕೂತ ಜಾಗ ನೋಡಿದೆವು. ಸುತ್ತಲಿನ ಗಾರೆ, ಗೋಡೆಯ ಉಳಿದ ಗಾರೆ, ಎರಡೂ ಒಂದೇ. ಚಿಪ್ಪು ಸುಣ್ಣದ ಬಿಳಿ ಚೂರುಗಳು ಸಹ ಒಂದೇ ರೀತಿ. ಕಲ್ಲು ಒಡೆದು ಮತ್ತೆ ಮುಚ್ಚಿದ ಗುರುತು ಎಲ್ಲೂ ಇಲ್ಲ. ಗೋಡೆ ಏಳುವಾಗಲೇ ತೊಲೆ ಕೂತಿದೆ.

ಇನ್ನೊಂದು ತುದಿಗೆ ಒಂದು ಬಾಡಿಗೆ ಕರಾರು ಸಹಾಯ ಮಾಡಿತು. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಇಸವಿ ಇರುವ ಮೂಲೆಯನ್ನು ಗೆದ್ದಲು ತಿಂದಿದೆ, ಆದರೆ ಛಾಪಾ ಕಾಗದದ ಮೇಲೆ ಐದನೇ ಜಾರ್ಜ್ ದೊರೆಯ ಮುಖ ಸ್ಪಷ್ಟ. ಅವರ ಆಳ್ವಿಕೆ 1910ರಿಂದ 1936. ಅದರಲ್ಲಿ 'ಹಂಚು ಹೊದಿಸಿದ ಮಹಡಿಯ ಅಂಗಡಿ' ಎಂದೇ ಬರೆದಿದೆ. ಹಾಗಾಗಿ ಕಟ್ಟಡದ ವಯಸ್ಸು 1912 ಮತ್ತು 1936ರ ನಡುವೆ ಬಂದು ನಿಂತಿತು.

ಈ ಇಸವಿ ತಿಳಿದ ಮೇಲೆ ಬೀದಿಯೇ ಬೇರೆ ರೀತಿ ಕಾಣತೊಡಗಿತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಜೊತೆಗಾರರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಕಟ್ಟಿದರು, ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಇಲ್ಲೇ ಇನ್ನೊಂದನ್ನು ಶುರುಮಾಡಿದರು, ಅದು ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಪಿಗ್ಮಿ ಬಂತು: ದಿನಕ್ಕೆ ಎರಡಾಣೆ, ಏಜೆಂಟರೇ ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವುದು. ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಪಿಗ್ಮಿಗೆಂದೇ ಒಂದು ಸಣ್ಣ ಗೂಡು ಉಂಟು, ಅಜ್ಜಿ ಅದಕ್ಕೆ ಕೊನೆಯವರೆಗೂ 'ಪಿಗ್ಮಿ ಗೂಡು' ಎಂದೇ ಹೇಳುತ್ತಿದ್ದರು. ಇಂಥ ಒಂದು ಊರಿನಲ್ಲಿ, ಸಣ್ಣ ವ್ಯಾಪಾರಿಯ ಕೈಯಲ್ಲಿ ಸ್ವಲ್ಪ ಹಣ ಓಡಾಡುತ್ತಿದ್ದ ಕಾಲದಲ್ಲಿ ಈ ಕಟ್ಟಡ ಎದ್ದಿದೆ. ಆಗ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ರೈಲು 1907ರಲ್ಲಿ ಮಂಗಳೂರಿಗೆ ಬಂದು ಅಲ್ಲೇ ನಿಂತಿತ್ತು, ಉಡುಪಿಗೆ ಬಂದದ್ದು ಕೊಂಕಣ ರೈಲ್ವೆ ಆದ ಮೇಲೆ, 1990ರ ದಶಕದಲ್ಲಿ. ಹಾಗಾಗಿ ಆ ಇಪ್ಪತ್ತನಾಲ್ಕು ಅಡಿಯ ತೊಲೆ ಉಡುಪಿಗೆ ಬಂದದ್ದು ಒಂದೋ ಸಮುದ್ರದಲ್ಲಿ ಮಂಜಿಯ (ಸರಕು ಹಡಗಿನ) ಮೇಲೆ ಮಲ್ಪೆಗೆ, ಇಲ್ಲವೇ ಗುರುಪುರ ಹೊಳೆ, ಶಾಂಭವಿ, ಉದ್ಯಾವರ ಹೊಳೆ ದಾಟಿಕೊಂಡು. ಒಂದು ದಿನಸಿ ಅಂಗಡಿಗಾಗಿ ಅಷ್ಟು ಕಷ್ಟಪಟ್ಟಿದ್ದಾರೆ. ಆ ತೊಲೆಯ ಕೆಳಗೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಗೋಡೆ ಮುರಕಲ್ಲಿನದ್ದು, ಅಂದರೆ ಲ್ಯಾಟರೈಟ್. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಆ ಹೆಸರು ಕೊಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ. ನೆಲದಿಂದ ತೆಗೆಯುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಕಬ್ಬಿಣದ ಅಂಶ ಜಾಸ್ತಿ ಇರುವುದರಿಂದ ಕೆಂಪು. ಆದರೆ ಇದು ತೂತು ತೂತಾದ ಕಲ್ಲು. ನೀರು ಕುಡಿಯುತ್ತದೆ. ಕುಡಿದ ನೀರನ್ನು ಮತ್ತೆ ಹೊರಗೆ ಬಿಡಬೇಕು, ಅದಕ್ಕೆ ದಾರಿ ಬೇಕು. ಹಿಂದಿನವರು ಇದರ ಮೇಲೆ ಸುಣ್ಣದ ಗಾರೆ ಬಳಿಯುತ್ತಿದ್ದದ್ದು ಅದಕ್ಕೇ. ಸುಣ್ಣವೂ ಉಸಿರಾಡುತ್ತದೆ. ಜೂನ್‌ನಲ್ಲಿ ಒದ್ದೆಯಾದ ಗೋಡೆ ಡಿಸೆಂಬರಿಗೆ ಒಣಗಿರುತ್ತದೆ. ಅಂಥ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ.

ಮಾಡಿನ ವಿಷಯವೂ ಅಷ್ಟೇ ಚಂದ. ಮಂಗಳೂರು ಹಂಚಿನ ಮೂಲ ಉಪಾಯ ಫ್ರಾನ್ಸಿನ ಗಿಲಾರ್ಡೋನಿ ಸಹೋದರರದ್ದು, 1841ರಲ್ಲಿ ಪೇಟೆಂಟ್ ಮಾಡಿಸಿದ್ದರು. ಒಂದು ಹಂಚಿನ ಅಂಚಿನ ಗೀರು ಪಕ್ಕದ ಹಂಚಿನ ಏಣಿನಲ್ಲಿ ಕೂತುಕೊಳ್ಳುತ್ತದೆ. ಹಳೆಯ ಓಡುಹಂಚನ್ನು ಸುಮ್ನೆ ಒಂದರ ಮೇಲೊಂದು ಹೇರಬೇಕಿತ್ತು, ಮಂಗ ಓಡಿದರೂ ಜಾರುತ್ತಿತ್ತು. ಇದು ಕೊಂಡಿ ಹಾಕಿದ ಹಾಗೆ ನಿಲ್ಲುತ್ತದೆ, ಹಾಗಾಗಿ ಹಂಚೂ ಕಡಿಮೆ ಸಾಕು, ಭಾರವೂ ಕಡಿಮೆ. ನೂರು ಚದರ ಅಡಿಗೆ ಸುಮಾರು 150 ಹಂಚು. ನಮ್ಮ ಮಾಡು ಎರಡೂ ಇಳಿಜಾರು ಸೇರಿ ಸುಮಾರು 1,200 ಚದರ ಅಡಿ, ಅಂದರೆ 1,800 ಹಂಚು. ಒಂದಕ್ಕೆ ಎರಡೂವರೆ ಕಿಲೋ ಎಂದರೂ ನಾಲ್ಕೂವರೆ ಟನ್. ಅಷ್ಟು ಭಾರವನ್ನು ಕಿರಾಲ್‌ಬೋಗಿಯ ಪಕ್ಕಾಸುಗಳು ಹೊತ್ತು ನಿಂತಿವೆ. ಗೆದ್ದಲು ಈ ಮರದ ತಂಟೆಗೆ ಸುಲಭಕ್ಕೆ ಹೋಗುವುದಿಲ್ಲ.

ಹಾಗಾದರೆ ಸೋರಿದ್ದು ಎಲ್ಲಿ? 2021ರ ಜುಲೈಯಲ್ಲಿ ಎರಡು ವಾರ ನಾನು ಮಾಡಿದ ಕೆಲಸ ಇಷ್ಟೇ: ಮಳೆ ಜೋರಾದಾಗಲೆಲ್ಲ ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಕಟ್ಟಡಕ್ಕೆ ಹೋಗುವುದು, ಒದ್ದೆ ಕಂಡಲ್ಲಿ ಗೆರೆ ಎಳೆದು ದಿನ, ಗಂಟೆ ಬರೆಯುವುದು. ಮಹಡಿಯಲ್ಲಿ ಪ್ಲೈವುಡ್ಡಿನ ಸುಳ್ಳು ಛಾವಣಿ ಹೊಡೆದಿದ್ದರು, ಅದನ್ನು ಮೊದಲು ಬಿಚ್ಚಿಸಿದೆ. ಅದು ಮೂವತ್ತು ವರ್ಷದಿಂದ ಮಾಡಿನ ಒಳಭಾಗವನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿತ್ತು. ಬಿಚ್ಚಿದ ಮೇಲೆ ನೋಡಿದರೆ ಪೂರ್ವದ ಇಳಿಜಾರು ಪೂರ್ತಿ ಒಣಗಿದೆ! ಒಡೆದ ಹಂಚು ಎರಡು ಕೈ ಬೆರಳಿನಷ್ಟು. ಪಶ್ಚಿಮದ ಇಳಿಜಾರಿನಲ್ಲಿ ಅಲ್ಲಲ್ಲಿ ಹನಿ, ಆದರೆ ಗೋಡೆ ಕಪ್ಪಾಗುವಷ್ಟು ಅಲ್ಲ. ಗೋಡೆಯ ನೀರು ಮೇಲಿಂದ ಇಳಿಯುತ್ತಿರಲಿಲ್ಲ. ಮಧ್ಯದಿಂದ ಒಳಗೆ ಬರುತ್ತಿತ್ತು.

ಹಿಂದೆ ಅಂಗಳದಲ್ಲಿ 1980ರ ದಶಕದಲ್ಲಿ ಒಂದು ತಾರಸಿ ಕೋಣೆ ಕಟ್ಟಿಸಿದ್ದರು. ದಾಸ್ತಾನಿಗೆ ಜಾಗ ಸಾಲದು ಎಂದು. ಅದರ ಸ್ಲ್ಯಾಬನ್ನು ಹಳೆಯ ಪಶ್ಚಿಮ ಗೋಡೆಗೆ ಒತ್ತಿ ಹಾಕಿದ್ದಾರೆ, ನಡುವೆ ಒಂದು ಬೆರಳು ಜಾಗ ಇಲ್ಲ. ಹಂಚಿನ ಮಾಡಿನಿಂದ ಇಳಿದ ನೀರು ಮೊದಲು ಗೋಡೆಯಿಂದ ಎರಡು ಅಡಿ ದೂರ ಅಂಗಳಕ್ಕೆ ಬೀಳುತ್ತಿತ್ತು. ಈಗ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: ಪಶ್ಚಿಮ ಇಳಿಜಾರು ಮಳೆ ಹಿಡಿಯುವ ಜಾಗ 24 ಅಡಿಗೆ 20 ಅಡಿ, ಅಂದರೆ ಸುಮಾರು 45 ಚದರ ಮೀಟರ್. 4,000 ಮಿಲಿಮೀಟರ್ ಮಳೆಗೆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 80 ಸಾವಿರ ಲೀಟರ್ ನೀರು ಆ ಸ್ಲ್ಯಾಬಿನ ಮೇಲೆ. ಮಟ್ಟಗೋಲು ಇಟ್ಟು ನೋಡಿದರೆ ಸ್ಲ್ಯಾಬಿನ ಇಳಿಜಾರು ಹೊರಗೆ ಇಲ್ಲ, ಗೋಡೆಯ ಕಡೆಗೆ ಇದೆ. ಮೂವತ್ತು ಚಿಲ್ಲರೆ ವರ್ಷ ನಾವೇ ಗೋಡೆಗೆ ನೀರು ಕುಡಿಸಿದ್ದೇವೆ.

ಗೋಡೆ ಒದ್ದೆಯಾದದ್ದು ಕಂಡಾಗ ಮನೆಯಲ್ಲಿ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದರು, ಒಳಗೂ ಹೊರಗೂ. ಆಗ ಒಳಗಿನ ನೀರಿಗೆ ಹೊರಗೆ ಹೋಗುವ ದಾರಿಯೂ ಬಂದ್ ಆಯಿತು, ಹೆಚ್ಚಿನದು ಮೇಲೆ ಹತ್ತಿತು, ಉಳಿದದ್ದು ಕಲ್ಲಿನೊಳಗೇ ನಿಂತಿತು. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂರುವ ಜಾಗವನ್ನೂ ಸಿಮೆಂಟಿನಲ್ಲಿ ತುಂಬಿದ್ದರು. ಅಲ್ಲಿ ಮರಕ್ಕೆ ಗಾಳಿ ಇಲ್ಲ, ತೇವ ಉಂಟು. ಪುಡಿಯಾದದ್ದು ಅದೇ ಆರು ಪಕ್ಕಾಸು, ಅದೂ ತುದಿಯ ಒಂದು ಅಡಿ ಮಾತ್ರ. ಅದರಿಂದ ಈಚೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಕೆಳಗೆ ಕೆಂಪು ಕಾವಿ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿದ್ದರಿಂದ ನೆಲದ ತೇವಕ್ಕೂ ಗೋಡೆಯೇ ದಾರಿ. ಎದುರಿನ ಹಲಗೆ ಬಾಗಿಲು ತೆಗೆದು ರೋಲಿಂಗ್ ಶಟರ್ ಹಾಕುವಾಗ ಮೇಲಿದ್ದ ಮರದ ಜಾಲರಿ ಮುಚ್ಚಿಹೋಯಿತು, ರಾತ್ರಿ ಒಳಗೆ ಗಾಳಿ ಆಡುವುದೂ ನಿಂತಿತು.

ಇದನ್ನೆಲ್ಲ ಮಾಡಿಸಿದವರು ಕಟ್ಟಡವನ್ನು ಪ್ರೀತಿಸದವರಲ್ಲ. ಪ್ರತಿಯೊಂದನ್ನೂ ರಿಪೇರಿ ಎಂದೇ ಮಾಡಿಸಿದ್ದು, ಕೈಯಿಂದ ಹಣ ಹಾಕಿ. ನನ್ನ ತಂದೆಯೂ ಅದರಲ್ಲಿ ಇದ್ದರು. ಪ್ಲಾಸ್ಟರ್ ಹಾಕಿಸಿದ ವರ್ಷ ಅವರು ಎಷ್ಟು ಸಮಾಧಾನದಲ್ಲಿದ್ದರು ಎಂದು ನನಗೆ ನೆನಪಿದೆ.

ಪರೀಕ್ಷೆಗೆಂದು ಒಂದು ಕಡೆ ಪ್ಲಾಸ್ಟರ್ ಕಿತ್ತ ದಿನ ಎಲ್ಲರನ್ನೂ ಕರೆದೆ. ಸಿಮೆಂಟಿನ ಕೆಳಗೆ ಮುರಕಲ್ಲು ಬೆರಳಿನಿಂದ ಕೆರೆದರೆ ಉದುರುತ್ತಿತ್ತು. ಅಲ್ಲಿಂದ ನಾಲ್ಕು ಅಡಿ ಆಚೆ, ಯಾರ ಕೈಯೂ ಹೋಗದೆ ಹಳೆಯ ಸುಣ್ಣದ ಗಾರೆ ಉಳಿದಿದ್ದ ಜಾಗದಲ್ಲಿ ಅದೇ ಗೋಡೆ, ಅದೇ ಕಲ್ಲು, ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಎನ್ನುತ್ತಿತ್ತು. ಚಿಕ್ಕಪ್ಪ ಎರಡೂ ಕಡೆ ತಾವೇ ತಟ್ಟಿ ನೋಡಿದರು. ಅಲ್ಲಿಯವರೆಗೆ ಕೆಡವುವುದೇ ಸರಿ ಎನ್ನುತ್ತಿದ್ದವರು ಅವರು.

ಅವರ ಮಾತಿನಲ್ಲೂ ನ್ಯಾಯ ಇತ್ತು. ಹಳೆಯ ಬಾಡಿಗೆ ಕಡಿಮೆ, ಪಾಲು ಮೂರು ಮನೆಗೆ, ನಾಲ್ಕು ಅಂತಸ್ತು ಎಬ್ಬಿಸಿದರೆ ಎಲ್ಲರಿಗೂ ಏನಾದರೂ ಸಿಗುತ್ತದೆ. ಅದಕ್ಕೆ ಉತ್ತರ ಬರೀ ಹಳೆಯದರ ಮೇಲಿನ ಪ್ರೀತಿ ಆಗಬಾರದು ಎಂದು ನಾನು ಲೆಕ್ಕದೊಂದಿಗೆ ಕೂತೆ. ಹಳೆಯ ಕಟ್ಟಡ ಬೀದಿಯ ಅಂಚಿಗೇ ನಿಂತಿದೆ. ಕೆಡವಿದ ಮೇಲೆ ಹೊಸ ನಿಯಮ ಬರುತ್ತದೆ: ಎದುರು, ಹಿಂದೆ, ಪಕ್ಕದಲ್ಲಿ ಜಾಗ ಬಿಡಬೇಕು, ಪಾರ್ಕಿಂಗ್ ತೋರಿಸಬೇಕು. 24 ಅಡಿ ಅಗಲದ ಜಾಗದಲ್ಲಿ ಅದೆಲ್ಲ ಬಿಟ್ಟು, ಏಣಿಮೆಟ್ಟಿಲಿಗೂ ಜಾಗ ಕೊಟ್ಟರೆ ಬೀದಿಗೆ ಮುಖ ಮಾಡಿದ ಅಂಗಡಿ ಎಷ್ಟು ಉಳಿಯುತ್ತದೆ? ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಉಳಿದದ್ದು ಈಗಿನದ್ದಕ್ಕಿಂತ ತುಂಬಾ ಸಣ್ಣದು, ಅದೂ ಬೀದಿಯಿಂದ ಹಿಂದೆ ಸರಿದದ್ದು. ರಿಪೇರಿಯ ಅಂದಾಜು ಹೊಸದಾಗಿ ಕಟ್ಟುವ ಅಂದಾಜಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಬಂತು. ತೊಲೆ ಮತ್ತು ಗೋಡೆ ಭಾರ ತಾಳುತ್ತವೆಯೇ ಎಂದು ಒಬ್ಬ ಇಂಜಿನಿಯರ್ ಬಂದು ಪರೀಕ್ಷೆ ಮಾಡಿ, ತಾಳುತ್ತವೆ ಎಂದು ಬರೆದುಕೊಟ್ಟರು. ಆಮೇಲೆ ಚಿಕ್ಕಪ್ಪ ವಿರೋಧ ಮಾಡಲಿಲ್ಲ.

2022ರ ಜನವರಿ 18ರ ಪರ್ಯಾಯ ಮುಗಿದ ಮೇಲೆ ಕೆಲಸ ಶುರು. ಅದಕ್ಕಿಂತ ಮೊದಲು ಆ ಬೀದಿಯಲ್ಲಿ ಒಂದು ಲೋಡ್ ಹೊಯಿಗೆ (ಮರಳು) ಇಳಿಸುವುದೂ ಕಷ್ಟ. ಮೊದಲು ಸ್ಲ್ಯಾಬನ್ನು ಗೋಡೆಯಿಂದ ಒಂಬತ್ತು ಇಂಚು ಕತ್ತರಿಸಿ ತೆಗೆದೆವು, ಉಳಿದದ್ದಕ್ಕೆ ಹೊರಗೆ ಇಳಿಜಾರು ಕೊಟ್ಟೆವು, ಮಾಡಿನ ಅಂಚಿಗೆ ನೀರು ಹರಿಯುವ ಅಗಲದ ದೋಣಿ ಕಟ್ಟಿ ನೀರನ್ನು ಬಾವಿ ಕಡೆ ತಿರುಗಿಸಿದೆವು. ಉಳಿದ ಸಿಮೆಂಟ್ ಪ್ಲಾಸ್ಟರ್ ಕಿತ್ತು ಗೋಡೆಯನ್ನು ಫೆಬ್ರವರಿ, ಮಾರ್ಚ್ ಪೂರ್ತಿ ಸುಮ್ನೆ ಬಿಟ್ಟೆವು. ಇದು ಎಲ್ಲಕ್ಕಿಂತ ಕಷ್ಟದ ಭಾಗ, ಯಾಕೆಂದರೆ ಬಂದವರೆಲ್ಲ "ಕೆಲಸ ನಿಂತಿದೆಯಾ?" ಎಂದು ಕೇಳುತ್ತಿದ್ದರು. ನಿಂತಿರಲಿಲ್ಲ. ಗೋಡೆ ಒಣಗುತ್ತಿತ್ತು.

ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದಕ್ಕೆ ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕಿದವರು ಎಪ್ಪತ್ತು ದಾಟಿದವರು. ಅವರು ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿಸಿದರು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ, ಕಲಸಲು ಬೆಲ್ಲದ ನೀರು. ಬಳಿದ ಮೇಲೆ ಗೋಣಿ ಕಟ್ಟಿ ದಿನಕ್ಕೆ ಎರಡು ಹೊತ್ತು ನೀರು ಚಿಮುಕಿಸುತ್ತಿದ್ದರು. ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ತಿಂಗಳುಗಟ್ಟಲೆ ಮೆಲ್ಲ ಮೆಲ್ಲ ಕಲ್ಲಾಗುತ್ತದೆ. ಅವಸರ ಮಾಡಿದರೆ ಬಿರುಕು. ಅವರ ಜೊತೆ ಕೆಲಸಕ್ಕೆ ಬಂದ ಇಬ್ಬರು ಹುಡುಗರು ಈಗ ಕಾಪು ಕಡೆ ಇನ್ನೊಂದು ಮನೆಗೆ ಸುಣ್ಣದ ಗಾರೆ ಮಾಡುತ್ತಿದ್ದಾರೆ ಎಂದು ಕೇಳಿ ತುಂಬಾ ಖುಷಿಯಾಯಿತು.

ಆರು ಪಕ್ಕಾಸನ್ನು ಪೂರ್ತಿ ಬದಲಿಸಲಿಲ್ಲ. ಹಾಳಾದ ತುದಿ ಓರೆಯಾಗಿ ಕತ್ತರಿಸಿ, ಕೆಡವಿದ ಹಳೆಯ ಮನೆಯೊಂದರಿಂದ ಬಂದ ಕಿರಾಲ್‌ಬೋಗಿ ತುಂಡನ್ನು ಬೆಸೆದು, ಬೋಲ್ಟ್ ಹಾಕಿದರು. ತುದಿಯ ಸುತ್ತ ಈ ಸಲ ಗಾಳಿಗೆ ಜಾಗ ಬಿಟ್ಟಿದೆ.

ಹಂಚಿನಲ್ಲಿ ಒಂದು ಪಾಠ ಕಲಿತೆ. ಎಲ್ಲ ಇಳಿಸಿ, ತೊಳೆದು, ಒಂದೊಂದನ್ನೂ ಬೆರಳಲ್ಲಿ ತಟ್ಟಿ ಸದ್ದು ಕೇಳಿ ಆರಿಸಿದೆವು. ಆಗ ಕಂಡದ್ದು, ಪೂರ್ವದ ಇಳಿಜಾರು ಬಹುಪಾಲು ಬಾಸೆಲ್ ಮಿಷನ್ನಿನದು, ಪಶ್ಚಿಮದ್ದು ಕಲಸುಮೇಲೋಗರ: ಬಾಸೆಲ್ ಮಿಷನ್, ಕಾಮನ್‌ವೆಲ್ತ್ ಟ್ರಸ್ಟ್, ಆಮೇಲಿನ ಎರಡು ಮೂರು ಕಾರ್ಖಾನೆಗಳದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹಾಗಾಗಿ ಆ ಅಚ್ಚಿನ ಹಂಚು ಯುದ್ಧದ ಈಚೆಗಿನದು. ನೋಡಲು ಎಲ್ಲ ಒಂದೇ ಅಳತೆ. ಆದರೆ ಒಂದು ಕಾರ್ಖಾನೆಯ ಗೀರು ಇನ್ನೊಂದರ ಏಣಿಗೆ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಸಾಕು, ಗಾಳಿ ಮಳೆಗೆ ಅಲ್ಲಿಂದಲೇ ಹನಿ. ಪಶ್ಚಿಮದಲ್ಲಿ ಮಾತ್ರ ಹನಿ ಬೀಳುತ್ತಿದ್ದದ್ದಕ್ಕೆ ಕಾರಣ ಇದು. ಒಡೆದಾಗಲೆಲ್ಲ ಸಿಕ್ಕಿದ್ದನ್ನು ತುರುಕಿಸಿದ್ದರು. ವಯಸ್ಸಿನ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸಿದ್ದ ಅದೇ ಅಚ್ಚು ಇಲ್ಲಿ ಕೈ ಹಿಡಿಯಿತು. ಅಚ್ಚು ನೋಡಿ ಹಂಚನ್ನು ರಾಶಿ ಮಾಡಿ, ಒಂದೊಂದು ಪಟ್ಟಿಗೆ ಒಂದೇ ಕಾರ್ಖಾನೆಯ ಹಂಚು ಹೊದಿಸಿದೆವು. ಮಧ್ಯದಲ್ಲಿ ನಾಲ್ಕು ಗಾಜಿನ ಹಂಚು, ಮಹಡಿಗೆ ಬೆಳಕಿಗೆ. ಮೇಲಿನ ಮೂಲೆ ಹಂಚಿನ ಗಾರೆ ಹಸಿ ಇರುವಾಗ 'ಮರುಹೊದಿಕೆ 2022' ಎಂದು ಮೊಳೆಯಲ್ಲಿ ಬರೆಸಿದೆ, ಮುಂದೆ ಹತ್ತುವವರಿಗೆ 1865ರ ಗೊಂದಲ ಆಗಬಾರದು ಎಂದು.

ಅಟ್ಟ ಖಾಲಿ ಮಾಡುವಾಗ ಹಳೆಯ ಹಲಗೆ ಬಾಗಿಲಿನ ಹಲಗೆಗಳು ಸಿಕ್ಕಿದವು. ಒಟ್ಟು 14 ಇದ್ದವಂತೆ, ಸಿಕ್ಕಿದ್ದು 11. ಪ್ರತಿ ಹಲಗೆಯ ತಲೆಯಲ್ಲಿ ೧, ೨, ೩ ಎಂದು ಉಳಿಯಿಂದ ಕೊರೆದಿದ್ದಾರೆ, ಯಾಕೆಂದರೆ ಆ ಕ್ರಮದಲ್ಲೇ ಕೂರಿಸಿದರೆ ಮಾತ್ರ ಕೊನೆಯದು ಬೀಗಕ್ಕೆ ಸರಿಯಾಗಿ ಬರುತ್ತದೆ. ಮೂರು ಹೊಸತು ಮಾಡಿಸಿದೆವು. ಶಟರ್ ತೆಗೆದು ಮೇಲಿನ ಜಾಲರಿ ತೆರೆದೆವು. ಈಗ ಅಲ್ಲಿ ಬಾಡಿಗೆಗೆ ಇರುವವರು ಕೈಮಗ್ಗದ ಸೀರೆ ಮಾರುತ್ತಾರೆ, ಬಟ್ಟೆಗೆ ತೇವದ ವಾಸನೆ ಬರುತ್ತಿಲ್ಲ ಎನ್ನುವುದು ಅವರಿಗೆ ದೊಡ್ಡ ಸಮಾಧಾನ. ಮಳೆಗಾಲದಲ್ಲಿ ಏಳನೇ ಹಲಗೆ ಉಬ್ಬಿ ಹಟ ಮಾಡುತ್ತದೆ, ಅದಕ್ಕೆ ಮೇಣ ಸವರುತ್ತಾರೆ.

2022ರ ಮಳೆಗಾಲದಲ್ಲಿ ಮತ್ತೆ ಅದೇ ಸೀಮೆಸುಣ್ಣ ಹಿಡಿದು ಹೋದೆ. ಹಿಂದಿನ ಗೋಡೆಯಲ್ಲಿ ಮೂರು ಅಡಿ ಇದ್ದ ಒದ್ದೆ ಗೆರೆ ಆಗಸ್ಟಿನಲ್ಲಿ ಒಂದೂವರೆ ಅಡಿಗೆ ನಿಂತಿತು, ಮರುವರ್ಷ ಒಂದು ಗೇಣಿಗೆ ಇಳಿಯಿತು. ದೋಣಿಯ ಒಂದು ಮೂಲೆಯಲ್ಲಿ ಸೋರಿತ್ತು, ಮರುದಿನವೇ ಬೆಸುಗೆ ಹಾಕಿಸಿದೆವು. ಇನ್ನು ಉಳಿದದ್ದು ಉತ್ತರದ ತ್ರಿಕೋನ ಗೋಡೆ. ಅಲ್ಲಿ ಹೊರಗಿನ ಸಿಮೆಂಟ್ ಹಾಗೇ ಇದೆ, ಪಕ್ಕದವರ ಅಂಗಳದಿಂದಲೇ ಅಟ್ಟಣಿಗೆ ಕಟ್ಟಬೇಕಾಗಿರುವುದರಿಂದ ಅವರ ಮನೆಯ ಮದುವೆ ಮುಗಿಯಲಿ ಎಂದು ಕಾದೆವು. ಅವರು ಒಪ್ಪಿದ್ದಾರೆ. ಸುಣ್ಣ ಈಗಾಗಲೇ ಹಿಂದಿನ ಅಂಗಳದ ತೊಟ್ಟಿಯಲ್ಲಿ ನೆನೆಯುತ್ತಿದೆ, ಮೇಸ್ತ್ರಿ ವಾರಕ್ಕೊಮ್ಮೆ ಬಂದು ಮುಚ್ಚಳ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ ಹೋಗುತ್ತಾರೆ.